ಪಂಪಮ್ಮಜ್ಜಿ ಕಾಗದ ಯಾವ ಭಾಷೆ?

ಮೊನ್ನೆ ಕಂಪ್ಲಿ ಕಂಪ್ಯೂಟರ್ ಕ್ಲಾಸಿನಾಗ ಒಂದು ಫ್ಲಾಪಿ ತಗೊಂಡು ಮಿಷಿನ್ನಿನ ಬಾಯಿಗೆ ಹಾಕಿದೆ ನೋಡ್ರಿ, ಅದು ಕರ್ ಕರ್ ಕರ್ ಅಂತು. ಆ ಸಪ್ಪಳ ನಿಮಗ ಗೊತ್ತಿರಬೇಕು. ಹಲ್ಲಿಲ್ಲದವ್ರು ಹುರಿಗಡ್ಲಿ ಬಾಯಾಗ ಹಾಕ್ಕೊಂಡು, ನುಂಗಾಕೂ ಆಗದ, ಉಗುಳಾಕೂ ಆಗದ, ಆ ದವಡಿಯಿಂದ ಈ ದವಡಿಗೆ ಹೊಳ್ಳಸ್ತಾರಲ್ಲ, ಥೇಟ್ ಹಂಗ. ನನಗ ಆ ಸಪ್ಪಳ ಕಿವಿಗೆ ಬಿತ್ತೋ ಇಲ್ಲೋ, ಮೂಗಿಗೆ ಶುಂಠಿ ಪುಡಿ ವಾಸನಿ ಬಂತು. ಕಂಪ್ಯೂಟರಿಗೂ ಶುಂಠಿಗೂ ಏನು ಸಂಬಂಧ ಅಂತೀರಿ? ಐತಿ. ಕುಂದ್ರಿ, ಹೇಳ್ತೀನಿ.

ನನಗೀಗ ಹತ್ತೊಂಬತ್ತು. ಹಳೇ ನೆನಪು ಬರೆಯೋ ವಯಸ್ಸಲ್ಲ ಇದು ಅಂತ ನಮ್ಮಪ್ಪ ಅಂತಾನ. ಇದು ನಾಲ್ಕು ವರ್ಷದ ಹಿಂದಿನ ಮಾತು. ನಾಲ್ಕು ವರ್ಷ ಅಂದ್ರ ನನ್ನ ಆಯುಷ್ಯದಾಗ ಹೆಚ್ಚುಕಡಿಮಿ ಐದನೇ ಪಾಲು. ನಿಮ್ಮ ಆಯುಷ್ಯದಾಗ ಐದನೇ ಪಾಲು ಎಷ್ಟಾಗತೈತಿ ನೀವ ಹಾಕ್ಕೊಳ್ರಿ, ಆಮ್ಯಾಲ ನಗ್ರಿ.

ಹೊಸಪೇಟ್ಯಾಗ ಬಸ್ ಸ್ಟ್ಯಾಂಡಿನ ಹಿಂದ ನಮ್ಮ ಸೋದರತ್ತಿ ಶಾಂತತ್ತಿ ಡಿಟಿಪಿ ಅಂಗಡಿ ಇಟ್ಟಿದ್ಲು. ಒಂದು ಕಡಿ ಸೈಕಲ್ ರಿಪೇರಿ, ಇನ್ನೊಂದು ಕಡಿ ಮಿರ್ಚಿ ಬಜ್ಜಿ ಒಲಿ. ಅಂಗಡಿ ಎಷ್ಟು ಸಣ್ಣದಂದ್ರ, ಒಳಗ ಬಂದವ್ರು ಹಿಂದಕ್ಕ ತಿರುಗಿ ನಿಂದರಬೇಕಂದ್ರ ಮೊದಲು ಹೊರಗ ಹೋಗಬೇಕಿತ್ತು. ಕಂಪ್ಯೂಟರಿಗೆ ಮಾತ್ರ ರಾಜಭೋಗ. ಅದಕ್ಕ ಜರಿ ಅಂಚಿನ ಮುಸುಕು, ಮುಂಜಾನೆದ್ದು ಊದಿನಕಡ್ಡಿ, ನಮ್ಮಜ್ಜನ ಫೋಟೋಕ್ಕ ತಂದ ಮಾಲಿಯೊಳಗ ಅರ್ಧ. ಅಜ್ಜ ಏನೂ ಅನ್ಲಿಲ್ಲ.

ನಾನು ಸಾಲಿ ಬಿಟ್ಟ ಮ್ಯಾಲ ಅಲ್ಲೇ ಬಿದ್ದಿರ್ತಿದ್ದೆ. ಹೊಸಪೇಟಿಗೆಲ್ಲ ಕಂಪ್ಯೂಟರ್ ಬಲ್ಲ ಹುಡುಗಿ ನಾನೊಬ್ಬಾಕೀನ ಅಂತ ಕ್ಲಾಸಿನಾಗ ಸಾರಿಬಿಟ್ಟಿದ್ದೆ. ನನಗ ಬರ್ತಿದ್ದದ್ದು ಮೂರು ಆಜ್ಞಾ. ಒಂದು ಪಟ್ಟಿ ತೋರಿಸೋದು, ಒಂದು ಪರದಿ ಒರಸೋದು, ಮೂರನೇದು ಗುಂಡಿ ಒತ್ತಿ ಮಿಷಿನ್ ಬಂದ್ ಮಾಡೋದು. ಮೂರನೇದ್ರಾಗ ನನ್ನ ಮೀರಿಸೋರು ಇರಲಿಲ್ಲ.

ಅಂಗಡಿಗೆ ಬರೋ ಕೆಲಸ ಅಂದ್ರ ಲಗ್ನಪತ್ರಿಕಿ, ಕಾಲುವಿ ತೂಬಿನ ಅರ್ಜಿ, ಮನಿಗೆ ಬರೆಯೋ ಕಾಗದ. ನಮ್ಮ ಕಡಿ ಹೆಣ್ಣು ಇಲ್ಲೇ ಮೆಟ್ರಿ ಊರಿಂದಾದ್ರ ಗಂಡು ಗಡಿಯಾಚಿ ಆಂಧ್ರದ ಆದೋನಿ ಕಡೇದು, ಹಂಗಾಗಿ ಅರ್ಧ ಕೆಲಸ ಕನ್ನಡ, ಅರ್ಧ ತೆಲುಗು. ಶಾಂತತ್ತಿಗೆ ಎರಡೂ ಬರ್ತಿದ್ವು.

ಈಗ ಒಂದು ಗುಟ್ಟು ಹೇಳ್ತೀನಿ. ಕಂಪ್ಯೂಟರಿಗೆ ಅಕ್ಷರ ಬರಲ್ಲ. ಖರೇನ. ಅದಕ್ಕ ಬರೋದು ಬರೇ ನಂಬರ. ನೀವು 'ಕ' ಒತ್ತಿದ್ರ ಅದು ಒಳಗ ಒಂದು ನಂಬರ್ ಬರ್ಕೊಂತೈತಿ. ತಿರುಗಿ ತೋರಸುವಾಗ, ಈ ನಂಬರಿಗೆ ಯಾವ ಅಂಗಿ ಹಾಕ್ಲಿ ಅಂತ ಕೇಳ್ತೈತಿ. ನಮ್ಮತ್ತಿ ಮಿಷಿನ್ನಿನ ಪದ್ಧತ್ಯಾಗ ಕನ್ನಡದ ಕ, ತೆಲುಗಿನ ಕ, ಎರಡಕ್ಕೂ ಒಂದ ನಂಬರ್. ಒಂದು ಗುಂಡಿ ಒತ್ತಿದ್ರ ಇಡೀ ಕಾಗದ ಕನ್ನಡದ ಅಂಗಿ ಕಳಚಿ ತೆಲುಗಿನ ಅಂಗಿ ಹಾಕ್ಕೊಂತಿತ್ತು. ಮಾತು ಅದ, ಲಿಪಿ ಬ್ಯಾರೆ. ಒಮ್ಮಿ ಬುಕ್ಕಸಾಗರದವ್ರ ಕನ್ನಡ ಲಗ್ನಪತ್ರಿಕಿ ತಪ್ಪಿ ತೆಲುಗು ಅಂಗಿ ಹಾಕ್ಕೊಂಡು ಅಚ್ಚಾಗಿಬಿಡ್ತು. ಊರೆಲ್ಲ ಹಂಚಿ, ಲಗ್ನ ಆಗಿ, ಕೂಸು ಹುಟ್ಟಿ, ಕೂಸಿನ ಹೆಸರಿಡೋ ದಿನ ಒಬ್ರು ಯಾರೋ ಗೋಡಿಗೆ ಅಂಟಿಸಿದ್ದ ಪತ್ರಿಕಿ ನೋಡಿ, ಇದ್ಯಾಕ ತೆಲುಗಿನಾಗೈತಿ ಅಂತ ಕೇಳಿದ್ರಂತ. ಕೂಸಿನ ಮಾತು ನಾನು ಸೇರಿಸಿದ್ದು ಅಂತ ಶಾಂತತ್ತಿ ಅಂತಾಳ. ಪತ್ರಿಕಿ ಮಾತು ಆಕೀನೂ ಒಪ್ತಾಳ.

ಈ ಅಂಗಿ ಬದಲಿಸೋ ವಿದ್ಯೆ ಭಾಳ ಉಪಯೋಗಕ್ಕ ಬಂದದ್ದು ಪಂಪಮ್ಮಜ್ಜಿಗೆ. ನಮ್ಮ ಕಂಪ್ಲಿ ಹತ್ರದ ಎಮ್ಮಿಗನೂರಾಕಿ. ಕಾಲುವಿ ನೀರು ಬಂದ ಮ್ಯಾಲ ಎದ್ದ ಮನಿತನ, ರೈಸ್ ಮಿಲ್ಲಿನವ್ರು. ಮನಿ ತುಂಬ ಮಂದಿ, ಅಂಗಳ ತುಂಬ ನೆಲ್ಲು. ಆದ್ರ ಪ್ರತಿ ಅಮಾಸಿ ಆದ ಮರುದಿನ ಎಂಟೂವರಿ ಬಸ್ಸಿಗೆ ಅಜ್ಜಿ ಒಬ್ಬಾಕಿನ ಹೊಸಪೇಟಿಗೆ ಬಂದು, ನಮ್ಮ ಅಂಗಡಿ ಸ್ಟೂಲಿನ ಮ್ಯಾಲ ಕುಂತು, ಆದೋನಿ ಕಡಿ ಹಳ್ಳಿಗೆ ಕೊಟ್ಟಿದ್ದ ತನ್ನ ತಂಗಿಗೆ ಕಾಗದ ಹೇಳ್ತಿದ್ಲು. ಶಾಂತತ್ತಿ ಕೇಳ್ಕೊಂತ ಟೈಪ್ ಹೊಡೀತಿದ್ಲು. ಅಜ್ಜಿಗೆ ಅಕ್ಷರ ಬರಲ್ಲ, ತಂಗಿಗೂ ಬರಲ್ಲ. ಅಲ್ಲಿ ಓದೋನು ತಂಗಿ ಮೊಮ್ಮಗ, ಅವ ಕಲಿತದ್ದು ತೆಲುಗು ಸಾಲಿ. ಹಂಗಾಗಿ ಕಾಗದದ ಮಾತು ಕನ್ನಡ, ಅಕ್ಷರ ತೆಲುಗು. ಎಸ್‌ಟಿಡಿ ಬೂತ್ ಇರಲಿಲ್ಲೇನು ಅಂತೀರಿ. ಇತ್ತು. ತಂಗಿಗೆ ಕಿವಿ ಇರಲಿಲ್ಲ. ಪೂರಾ ಮಂದ. ಮೊಮ್ಮಗ ಕಾಗದ ತಾನು ಮನಸಿನಾಗ ಓದಿ, ಸಾರಾಂಶ ಎರಡು ಮಾತಿನಾಗ ಕಿವ್ಯಾಗ ಒದರ್ತಿದ್ದನಂತ.

ಅಜ್ಜಿ ಹೇಳೋ ಕಾಗದದಾಗ ಕ್ಷೇಮ ಸಮಾಚಾರ, ಇತಿ ನಿನ್ನ, ಅಂಥಾವು ಏನೂ ಇರ್ತಿರಲಿಲ್ಲ. 'ಲೇ' ಅಂತ ಸುರು. ತಂಗಿಗೆ ಲೇ ಅಂತ ಬರೀಲೇನಜ್ಜಿ, ಹೆಸರು ಹಾಕೋಣಾ ಅಂತ ಶಾಂತತ್ತಿ ಮೊದಲನೇ ದಿನ ಕೇಳಿದ್ಲು.

"ಆಕೀ ಹೆಸರು ಹಿಡದು ನಾನು ಯಾವತ್ತು ಕರದೀನಬೇ? ಹೆಸರು ಹಾಕಿದ್ರ ಯಾರೋ ಸರಕಾರದವ್ರು ಬರದಾರ ಅಂತ ಅಂಜ್ತಾಳ. ನಾನಂದಂಗ ಹೊಡಿ."

ಅಂದಂಗ ಹೊಡದ್ಲು. ಎಂಥಾ ಕಾಗದ ಅಂತೀರಿ. ಲೇ, ಕಾಲುವಿಗೆ ನೀರು ಬಿಟ್ಟಾರ. ಲೇ, ಆ ಕೆಂದ ಆಕಳ ಈದೈತಿ, ಗಂಡು. ಕೇಳಲೇ, ಸಣ್ಣ ಸೊಸಿ ಸಾರಿಗೆ ಹುಣಸಿ ಹಾಕೋದು ಕಲ್ತಾಳ, ಅಂತೂ ಇಂತೂ.

ಪ್ರತಿ ಕಾಗದಕ್ಕೂ ಆ ಕಡಿಯಿಂದ ಉತ್ತರ ಬರ್ತಿತ್ತು. ಉತ್ತರ ಅಂದ್ರ ಒಂದು ಡಬ್ಬಿ. ಆದೋನಿ ಬಸ್ಸಿನ ಡ್ರೈವರ್ ತಂದು ನಮ್ಮ ಅಂಗಡ್ಯಾಗ ಕೊಡ್ತಿದ್ದ. ಒಳಗ ಶುಂಠಿ ಪುಡಿ, ಮ್ಯಾಲ ಒಂದು ಚೀಟಿ, ತೆಲುಗಿನಾಗ ಎರಡು ಸಾಲು. ಮೊದಲು ಸುಧಾರಿಸ್ಕೊ, ಆಮ್ಯಾಲ ನೋಡೋಣು. ಅಜ್ಜಿಗೆ ಏನೂ ಆಗಿರ್ತಿರಲಿಲ್ಲ. ಆಕಿ ಕೆಮ್ಮಿದ್ದನ್ನ ನಾನಂತೂ ಕೇಳಿಲ್ಲ. "ನಮ್ಮ ತಂಗಿಗೆ ಮೊದಲಿಂದ ಶುಂಠಿ ಹುಚ್ಚು" ಅಂತ ಡಬ್ಬಿ ಶಾಂತತ್ತಿಗೇ ಕೊಟ್ಟು ಹೋಗ್ತಿದ್ಲು. ಎರಡು ವರ್ಷ ನಾವು ಅಂಗಡ್ಯಾಗ ಶುಂಠಿ ಚಾ ಕುಡದು ಕುಡದು, ನನ್ನ ಹೋಂವರ್ಕ್ ಪುಸ್ತಕಕ್ಕೂ ಶೀತ ಹತ್ತದಂಗ ಆಗಿತ್ತು.

ಆಮ್ಯಾಲ ಒಂದು ಅಮಾಸಿಗೆ ಅಜ್ಜಿ ಬರಲಿಲ್ಲ. ತಂಗಿ ತೀರ್ಕೊಂಡಿದ್ಲು.

ಅದಾಗಿ ಹದಿನೈದು ದಿನಕ್ಕ ಅಜ್ಜಿ ಬಂದು ಅದ ಸ್ಟೂಲಿನ ಮ್ಯಾಲ ಕುಂತ್ಲು. ಲೇ ಇಲ್ಲ, ಏನಿಲ್ಲ. ಮಣ್ಣಿಗೆ ಹೋದಾಗ ತಂಗಿ ಮಗಳು ಎಲ್ಲಾರ ಮುಂದ ಒಂದು ಮಾತು ಅಂದಿದ್ಲಂತ. ಎರಡು ವರ್ಷ ಕಾಗದ ಬರದಿ ದೊಡ್ಡವ್ವ, ಒಮ್ಮ್ಯಾದ್ರೂ ಬಾ ಅಂತ ಕರೀಲಿಲ್ಲ, ನಮ್ಮವ್ವ ಕಾದಳು ಕಾದಳು ಹೋದ್ಲು. ಕಾಗದ ತೋರಸ್ರಿ ಅಂದ್ರ, ಅವು ಯುಗಾದಿಗೆ ಸುಣ್ಣ ಬಳಿಯುವಾಗ ಹಳೇ ಪೇಪರಿನ ಜೋಡಿ ಹೋಗಿದ್ವು.

"ನಾನು ಕರದಿದ್ದೆ ಅಂತ ನನ್ನ ಮನಸು ಅಂತೈತಿ ಶಾಂತವ್ವ. ಆದ್ರ ಮುದಿ ಮನಸು, ತನಗ ಬೇಕಾದಂಗ ಹೇಳ್ತೈತಿ. ಬರೋ ಅಮಾಸಿಗೆ ಅಲ್ಲಿ ಕಾರ್ಯ ಐತಿ. ಕರೀದ ಇದ್ದಿದ್ರ ನಾ ಯಾವ ಮಾರಿ ತಗೊಂಡು ಹೋಗ್ಲಿ? ನಿನ್ನ ಪೆಟ್ಟಿಗ್ಯಾಗ ಇರತಾವ ಅಂದಿದ್ದೆಲ್ಲ, ತೆಗದು ಓದು."

ಶಾಂತತ್ತಿ ನನ್ನ ಮಾರಿ ನೋಡಿದ್ಲು, ನಾನು ಬಜ್ಜಿ ಒಲಿ ನೋಡಿದೆ. ಯಾಕಂದ್ರ ಅದರ ಹಿಂದಿನ ವಾರನ ಕರೆಂಟ್ ಹೋಗಿ ಬಂದು ಹೋಗಿ ಬಂದು, ಪೆಟ್ಟಿಗಿ ಒಳಗಿಂದೆಲ್ಲ ಚೆಲ್ಲಾಪಿಲ್ಲಿ ಆಗಿತ್ತು. ರಿಪೇರಿಯವ ಬಂದು ಫೈಲುಗಳನ್ನ ಉಳಿಸಿಕೊಟ್ಟಿದ್ದ, ಹೆಸರುಗಳನ್ನ ಉಳಿಸಿರಲಿಲ್ಲ. ಎಂಟುನೂರು ಚಿಲ್ಲರೆ ಫೈಲು, ಒಂದು ಎರಡು ಮೂರು ಅಂತ ಬರೇ ನಂಬರ. ಯಾವುದು ಕನ್ನಡ, ಯಾವುದು ತೆಲುಗು ಅನ್ನೋ ಗುರುತೂ ಅಳಿಸಿ ಹೋಗಿತ್ತು. ಲಗ್ನದ ಮನಿ ಮುಂದಿನ ಚಪ್ಪಲಿ ರಾಶಿ ನೋಡೀರಲ್ಲ, ಹಂಗ. ಒಂದೊಂದ ತೆಗದು, ಮೊದಲು ಕನ್ನಡದ ಅಂಗಿ ಹಾಕಿ, ಆಮ್ಯಾಲ ತೆಲುಗಿನ ಅಂಗಿ ಹಾಕಿ ಓದಬೇಕು. ಒಂದು ಫೈಲ್ ತೆರೆಯೋದ್ರಾಗ ಒಂದು ಮಿರ್ಚಿ ತಿಂದು ಮುಗಿಸಬಹುದಿತ್ತು. ನಾನು ಖುದ್ದು ಪರೀಕ್ಷಾ ಮಾಡೀನಿ, ಹದಿನಾಲ್ಕನೇ ಫೈಲಿಗೆ ಹೊಟ್ಟಿ ಕೆಟ್ಟು ಕೈಬಿಟ್ಟೆ. ತಂಗಿ ಹೆಸರು ಹುಡುಕಿದ್ರ ಆಗ್ತಿತ್ತಲ್ಲ ಅಂತ ಜಾಣರು ಯಾರರ ಅಂದೀರಿ. ಹೆಸರು ಎಲ್ಲಿತ್ತು? ಲೇ ಇತ್ತು.

ಆಗ ನೆನಪಾದ್ರು ಕಾಲೇಜಿನ ಗಣಿತದ ಸರ್. ಪ್ರಶ್ನೆಪತ್ರಿಕಿ ಹೊಡಸಾಕ ಬರೋರು, ನಾನಿದ್ರ ಹಾಳಿ ಬೋರಲು ಹಾಕೋರು. ಅವ್ರ ಹತ್ರ ಹಳೇ ಶಿಷ್ಯ ಒಬ್ಬ ಕಳಿಸಿದ್ದ ಫ್ಲಾಪಿ ಇತ್ತು. ಅದರಾಗೊಂದು ಪ್ರೋಗ್ರಾಂ. ಫೈಲ್ ಕೊಟ್ರ ಅದು ಯಾವ ಭಾಷೆ ಅಂತ ಹೇಳ್ತಿತ್ತು. ಜೋಡಿಗೆ ಪ್ರೋಗ್ರಾಂ ಬರದ ಒಳಗಿನ ಸಾಲೆಲ್ಲ ತೆರದಿಟ್ಟಿದ್ದ, ಮ್ಯಾಲೊಂದು ಚೀಟಿ. ಯಾರು ಬೇಕಾದ್ರೂ ಇಟ್ಕೊಳ್ರಿ, ಯಾರಿಗೆ ಬೇಕಾದ್ರೂ ಕೊಡ್ರಿ, ತಪ್ಪಿದ್ರ ನೀವ ತಿದ್ದ್ರಿ, ತಿದ್ದಿದ್ದನ್ನ ನಮಗೂ ಕೊಡ್ರಿ.

ಶಾಂತತ್ತಿ ಆ ಚೀಟಿನ್ನ ಎರಡು ಸಲ ಓದಿದ್ಲು. ಪುಕಟ್ ಕೊಡ್ತಾನ, ಮ್ಯಾಲ ತನ್ನ ತಪ್ಪು ತಿದ್ದ್ರಿ ಅಂತಾನ, ಈ ಹುಡುಗಗ ಮನ್ಯಾಗ ಏನರ ತೊಂದ್ರಿ ಐತೇನ್ರಿ ಸರ್ ಅಂತ ಕೇಳಿದ್ಲು. ಸರ್ ನಕ್ಕು, ಅವನು ಆರಾಮದಾನ, ಇಂಥಾವ್ರು ಭಾಳ ಮಂದಿ ಅದಾರ ಅಂದ್ರು.

ಪ್ರೋಗ್ರಾಂ ಹಚ್ಚಿದ್ವಿ. ಫ್ಲಾಪಿ ಹುರಿಗಡ್ಲಿ ತಿಂತು. ಚಾ ಕುಡಿಯೋದ್ರಾಗ ಎಂಟುನೂರೂ ಎರಡು ಭಾಗ ಆಗಿ ಕುಂತ್ವು, ಕನ್ನಡ ಒಂದು ಗುಂಪು, ತೆಲುಗು ಒಂದು ಗುಂಪು. ಅಜ್ಜಿ ಮಾತು ಕನ್ನಡ ಅಂದ ಮ್ಯಾಲ ಕನ್ನಡದ ಗುಂಪಿನಾಗ ಇರಬೇಕಲ್ಲ? ಆರು ದಿನ ಕುಂತು ಆ ಗುಂಪು ಪೂರಾ ತೆರದ್ವಿ. ಲಗ್ನಪತ್ರಿಕಿ, ತೂಬಿನ ಅರ್ಜಿ, ಮತ್ತ ಲಗ್ನಪತ್ರಿಕಿ. ಅಜ್ಜೀದು ಒಂದು ಸಾಲೂ ಇಲ್ಲ.

ಏಳನೇ ದಿನ ಅಜ್ಜಿ ಬಂದ್ಲು. ಅಮಾಸಿ ನಾಲ್ಕು ದಿನ ಇತ್ತು. ಆಗ ನನ್ನ ತಲಿಗೆ ಒಂದು ಹೊಳೀತು. ಇದನ್ನ ನಾನು ಮೊದಲಿಂದ ಹೊಳಿಸಿಟ್ಕೊಂಡಿದ್ದೆ ಅಂತ ಕ್ಲಾಸಿನಾಗ ಹೇಳೀನಿ, ನಿಮ್ಮ ಮುಂದ ಸುಳ್ಳು ಹೇಳಲ್ಲ, ಆಗಿಂದಾಗ ಹೊಳೀತು. ಅಜ್ಜಿ ಏನರ ಮಾತಾಡ್ಲಿ, ಅತ್ತಿ ಹೊಡೀಲಿ, ಅದನ್ನ ಪ್ರೋಗ್ರಾಮಿಗೆ ಕೊಟ್ಟು ನೋಡೋಣ ಅಂದೆ. ಅಜ್ಜಿ ಅವತ್ತು ಬಸ್ಸಿನಾಗ ಸೀಟ್ ಸಿಗದ ಕತಿ ಹೇಳಿದ್ಲು. ಪ್ರೋಗ್ರಾಂ ಸ್ವಲ್ಪ ಹೊತ್ತು ಅಗದು, ತೆಲುಗು ಅಂತು.

ಶಾಂತತ್ತಿ ಅದನ್ನ ಓದಿ ಹೇಳಿದ್ಲು. ಅಜ್ಜಿ ಸೆರಗು ಸರಿ ಮಾಡ್ಕೊಂಡ್ಲು.

"ಹಂಗಾರ ಇಷ್ಟು ವರ್ಷ ನಾನು ತೆಲುಗು ಮಾತಾಡೀನೇನವ್ವ? ನಮ್ಮತ್ತಿ ಅಷ್ಟು ಬೈತಿದ್ಲು, ಇದೊಂದು ಹೇಳಲಿಲ್ಲ ನೋಡು."

ನಾನು ಒಳಗಿನ ಸಾಲು ತೆರದೆ. ತೆರದಿಟ್ಟಿದ್ನಲ್ಲ ಪುಣ್ಯಾತ್ಮ, ಯಾರು ಬೇಕಾದ್ರೂ ನೋಡಬಹುದಿತ್ತು. ಒಳಗ ದೊಡ್ಡ ಮಂತ್ರ ತಂತ್ರ ಇರ್ತೈತಿ ಅಂದ್ಕೊಂಡಿದ್ದೆ. ಇದ್ದದ್ದು ಎರಡು ಪಟ್ಟಿ. ಕನ್ನಡದ ಪಟ್ಟ್ಯಾಗ ಇದೆ, ಇಲ್ಲ, ಬೇಡ, ತುಂಬಾ, ಹಾಗೆ, ಮತ್ತು. ತೆಲುಗಿನ ಪಟ್ಟ್ಯಾಗ ಉಂದಿ, ಲೇದು, ಕಾದು, ಅಂದ್ರ ಐತಿ, ಇಲ್ಲ, ಅಲ್ಲ, ಇಂಥಾವು, ಮತ್ತ 'ಲೇ' ಅಂತ ಮುಗಿಯೋ ಯಾವ ಮಾತು ಬಂದ್ರೂ ತೆಲುಗು. ಕಾಗದದಾಗ ಯಾವ ಪಟ್ಟಿ ಮಾತು ಹೆಚ್ಚೋ, ಅದು ಆ ಭಾಷೆ. ಪಾಪ, ಆ ಹುಡುಗ ಕನ್ನಡವನ್ನ ಪಾಠದ ಪುಸ್ತಕದಾಗಿಂದ ಆರಿಸಿದ್ದ. ಪಂಪಮ್ಮಜ್ಜಿ ಜನ್ಮದಾಗ ಒಮ್ಮಿನೂ ಇದೆ ಅಂದಾಕಿ ಅಲ್ಲ, ತುಂಬಾ ಅಂದಾಕಿ ಅಲ್ಲ. ಆಕೀದು ಐತಿ, ಭಾಳ, ಬ್ಯಾಡ, ಹಂಗ. ಮ್ಯಾಲ ಸಾಲಿಗೊಂದು ಲೇ, ಕೇಳಲೇ, ನೋಡಲೇ, ಉಣ್ಣಲೇ. ಪ್ರೋಗ್ರಾಮಿನ ಕಣ್ಣಿಗೆ ಅಜ್ಜಿ ಪಕ್ಕಾ ಆದೋನಿಯಾಕಿ.

ತಪ್ಪಿದ್ರ ನೀವ ತಿದ್ದ್ರಿ ಅಂದಿದ್ನಲ್ಲ, ತಿದ್ದಿದೆ. ಅಜ್ಜಿ ಹೇಳ್ಕೊಂತ ಹೋದ್ಲು, ನಾನು ಕನ್ನಡದ ಪಟ್ಟಿಗೆ ಸೇರಿಸ್ಕೊಂತ ಹೋದೆ. ಐತಿ. ಭಾಳ. ಬ್ಯಾಡ. ಹಂಗ. ಹಿಂಗ. ಆಕಿ. ಕೇಳಲೇ. ಅವಸರದಾಗ ಭಾಳ ಎರಡು ಸಲ ಬಂತು, ಇರ್ಲಿ ಭಾಳಾನ ಅಲ್ಲೇನು ಅಂತ ಬಿಟ್ಟೆ. ಕಡೀಗೆ ಯಾರೂ ನೋಡದಾಗ, ಕನ್ನಡದ ಪಟ್ಟಿ ತುದಿಗೆ ನನ್ನ ಹೆಸರನ್ನೂ ಸೇರಿಸಿಬಿಟ್ಟೆ. ಇನ್ನು ಮ್ಯಾಲ ಯಾವ ಕಾಗದದಾಗ ನನ್ನ ಹೆಸರು ಬಂದ್ರೂ ಅದು ಕನ್ನಡ. ನನ್ನ ಹೆಸರು ಬರಿಯೋದು ಬಾಕಿದ್ದದ್ದು ಅಲ್ಲೊಂದ, ಸಾಲಿ ಬೆಂಚಿನ ಮ್ಯಾಲ ಆಗಲೇ ಕೆತ್ತಿ ಆಗಿತ್ತು.

ತಿರುಗಿ ಹಚ್ಚಿದ್ವಿ. ತೆಲುಗಿನ ಗುಂಪಿನಾಗಿಂದ ಇಪ್ಪತ್ನಾಲ್ಕು ಫೈಲು ಎದ್ದು ಕನ್ನಡದ ಕಡಿ ಬಂದ್ವು. ಅದರಾಗ ಇಪ್ಪತ್ಮೂರು ಅಜ್ಜೀವು. ಒಂದು ಮಾತ್ರ ತೆಲುಗು ನಾಟಕ, ಸಾಲಿಗೊಮ್ಮಿ ಕನ್ನಡದ ಸೇವಕ ಬಂದು ಭಾಳ ಭಾಳ ಅಂತಿದ್ದ, ಅವನನ್ನ ಹೊರಗ ಹಾಕಿದ್ವಿ.

ಶಾಂತತ್ತಿ ಮೊದಲನೇ ಕಾಗದ ಓದಿದ್ಲು. ಕಾಲುವಿಗೆ ನೀರು ಬಿಟ್ಟಾರ, ಆಕಳ ಈದೈತಿ. ಅಜ್ಜಿ ತಾನು ಹೇಳಿದ್ದು ತಾನ ಕೇಳಿ, ಬೀದ್ಯಾಗ ಹಳೇ ಗೆಳತಿ ಸಿಕ್ಕಂಗ ತಲಿ ಆಡಿಸ್ತಿದ್ಲು. ಕಡೀ ಸಾಲು ಬಂತು. 'ಲೇ, ಬಾಲೇ.' ಅಷ್ಟ.

ಎರಡನೇ ಕಾಗದ, ಕಡೀ ಸಾಲು, ಲೇ, ಬಾಲೇ. ಮೂರನೇದೂ ಅದ. ಇಪ್ಪತ್ಮೂರಕ್ಕೂ ಅದ.

"ಕರದಿದ್ದೆ" ಅಂದ್ಲು ಅಜ್ಜಿ. ಎರಡು ಕೈ ಮಡಿಲಾಗ ಇಟ್ಕೊಂಡ್ಲು. "ಹಂಗಾರ ಕರದಿದ್ದೆ."

ನಾನು ಗೆದ್ದೆ ಅಂತ ಎದ್ದು ಕುಣಿಯಾಕ ಜಾಗ ಇದ್ದಿದ್ರ ಕುಣೀತಿದ್ದೆ. ಆದ್ರ ಶಾಂತತ್ತಿ ಪರದಿ ಮ್ಯಾಲಿಂದ ಕಣ್ಣು ತೆಗೀಲಿಲ್ಲ. ಗುಂಡಿ ಒತ್ತಿ ಕಾಗದಕ್ಕ ತೆಲುಗಿನ ಅಂಗಿ ಹಾಕಿದ್ಲು, ಅಲ್ಲಿಗೆ ಕಳಿಸ್ತಿದ್ದದ್ದು ಆ ಅಂಗ್ಯಾಗ ಅಲ್ಲೇನು. ಎರಡು ವರ್ಷ ಅಜ್ಜಿ ಬಾಯಿಂದ ಕೇಳಿ ಹೊಡದಿದ್ಲು, ಕನ್ನಡ ಅಂತ ಕೇಳಿದ್ಲು, ಕನ್ನಡ ಅಂತ ಹೊಡದಿದ್ಲು. ತೆಲುಗಿನವ್ರು ಹೆಂಗ ಓದ್ತಾರ ಅಂತ ಓದಿದ್ದು ಅವತ್ತ ಮೊದಲು. ಆಮ್ಯಾಲ ಭಾಳ ಸಣ್ಣ ದನಿಯೊಳಗ ಹೇಳಿದ್ಲು, ಬಾಲೇ ಅಂದ್ರ ಆ ಕಡಿ ತೆಲುಗಿನಾಗ ಚಲೋ ಇಲ್ಲ, ಆರಾಮಿಲ್ಲ ಅಂತ.

ಮೊಮ್ಮಗ ತೆಲುಗು ಸಾಲಿ ಹುಡುಗ. ಉದ್ದನ ಕಾಗದ ಮನಸಿನಾಗ ಓದಿ, ಅರ್ಧ ತಿಳಿದು ಅರ್ಧ ಬಿಟ್ಟು, ಕಡೀ ಮಾತು ಹಿಡದು ತನ್ನ ಕಿವುಡು ಅಜ್ಜಿ ಕಿವ್ಯಾಗ ಒದರಿದ್ದ, ನಿಮ್ಮಕ್ಕಗ ಆರಾಮಿಲ್ಲಂತ. ಇಪ್ಪತ್ಮೂರು ಸಲ. ನಮ್ಮ ಪ್ರೋಗ್ರಾಂ ಮಾಡಿದ ತಪ್ಪನ್ನ ಅವ ಅದಕ್ಕಿಂತ ಮೊದಲ ಮಾಡಿದ್ದ. ಅಕ್ಕ ಸುಧಾರಿಸ್ಕೊಳ್ಳಿ, ಆಮ್ಯಾಲ ಕರೀತಾಳ, ಆಮ್ಯಾಲ ಹೋದ್ರಾತು ಅಂತ ತಂಗಿ ಕಾದಿದ್ಲು.

ಅಜ್ಜಿ ಕಪಾಟಿನ ಮ್ಯಾಲ ಸಾಲಾಗಿ ಜೋಡಿಸಿದ್ದ ಖಾಲಿ ಡಬ್ಬಿ ನೋಡಿದ್ಲು.

"ಅದಕ್ಕ ಶುಂಠಿ" ಅಂದ್ಲು.

ನಾನು ಜೋಕ್ ಹೇಳೋದು ಬಿಟ್ಟು ಅಜ್ಜಿ ಕಾಲ ಹತ್ರ ಹೋಗಿ ಕುಂತೆ. ಅಂಥಾ ದಿನ ನನ್ನ ಚರಿತ್ರದಾಗ ಅದೊಂದ.

ಅವತ್ತ ಅಜ್ಜಿ ಇನ್ನೊಂದು ಕಾಗದ ಹೊಡಸಿದ್ಲು, ಆ ಮೊಮ್ಮಗಗ. ತಪ್ಪು ನಿಂದಲ್ಲಪ್ಪ, ಯಾರ್ದೂ ಅಲ್ಲ, ಅಮಾಸಿಗೆ ನಾನು ಬರ್ತೀನಿ, ಕಾರ್ಯ ಮುಗಿದ ಮ್ಯಾಲ ನನ್ನ ಜೋಡಿ ನೀನು ಎಮ್ಮಿಗನೂರಿಗೆ ಬರಬೇಕು. ಕಡೀಗೆ ಬಾ ಅನ್ನೋದನ್ನ ತೆಲುಗಿನಾಗ 'ರಾ' ಅಂತ ಹಾಕ್ತೀನಿ ಅಂದ್ಲು ಶಾಂತತ್ತಿ.

"ಬ್ಯಾಡ. ಬಾಲೇ ಅಂತನ ಹಾಕು. ಅರ್ಥ ಬೇಕಾದ್ರ ಕೆಳಗ ಬರಿ."

ಅವ ಬಂದ. ಮೀಸಿ ಈಗ ಮೂಡಾಕತ್ತಿದ್ದ ಹುಡುಗ, ನಮ್ಮ ಅಂಗಡಿ ಬಾಗಿಲದಾಗ ಅಜ್ಜಿ ಹಿಂದ ನಿಂತಿದ್ದ. ಕೈಯಾಗ ಶುಂಠಿ ಡಬ್ಬಿ. ರೂಢಿ ಅಂದ.

ತಿದ್ದಿದ ಪಟ್ಟಿ ವಾಪಸ್ ಕಳಿಸಬೇಕು ಅಂತ ಹಠ ಹಿಡದಾಕಿನೂ ಪಂಪಮ್ಮಜ್ಜೀನ. ಕೊಟ್ಟವ ಕೇಳ್ಯಾನ, ಕೊಡಬೇಕು, ಇಲ್ಲಾಂದ್ರ ಇನ್ನೊಬ್ರ ಅಜ್ಜೀನ್ನೂ ತೆಲುಗಾಕಿ ಅಂತೈತಿ ಅದು. ಹಂಗಾಗಿ ಪಟ್ಟಿಗೆ ಒಂದು ಮಾತು ಸೇರಿಸಿದೆ, ಬಾಲೇ, ಪಕ್ಕದಾಗ ಒಂದು ಸಾಲು ಟಿಪ್ಪಣಿ. ಗಣಿತದ ಸರ್ ಫ್ಲಾಪಿನ್ನ ಟಪಾಲಿಗೆ ಹಾಕಿದ್ರು. ಹಾಕುವಾಗ ಟಿಪ್ಪಣಿ ಓದಿದ್ರು, ನನ್ನ ಹೆಸರಿನ ತನಕ ಓದ್ಲಿಲ್ಲ ಅನಿಸ್ತೈತಿ.

ಅಷ್ಟ ಕತಿ. ಅಜ್ಜಿ ಈಗಿಲ್ಲ, ಹೋದ ವರ್ಷ ಹೋದ್ಲು. ಶಾಂತತ್ತಿ ಅಂಗಡಿ ಐತಿ, ಕಂಪ್ಯೂಟರಿಗೆ ಮುಸುಕು ಹೊಸಾದು ಬಂದೈತಿ. ಇನ್ನು ಮ್ಯಾಲ ಯೂನಿಕೋಡ್ ಅನ್ನೋ ಹೊಸ ಪದ್ಧತಿ ಬರ್ತೈತಿ, ಕನ್ನಡದ 'ಕ'ಕ್ಕ ಬ್ಯಾರೆ ನಂಬರ್, ತೆಲುಗಿನ 'ಕ'ಕ್ಕ ಬ್ಯಾರೆ ನಂಬರ್, ಅಂಗಿ ಗೊಂದಲ ಮುಗ್ದಂಗ ಅಂತ ಕಂಪ್ಲಿ ಕ್ಲಾಸಿನ ಮೇಷ್ಟ್ರು ಅಂದ್ರು. ಒಳ್ಳೇದ. ಆದ್ರ ತೆಲುಗಿನ ಅಂಗಿ ಬೇಕಂತ ಹಾಕ್ಕೊಂಡು ಬಂದ ಕನ್ನಡದ ಮಾತು ಸಿಕ್ರ ಅದಕ್ಕ ಯಾವ ನಂಬರ್ ಕೊಡ್ತಾರ ಅಂತ ಕೇಳಿದೆ. ಮೇಷ್ಟ್ರು ಪಾಠ ಮುಂದುವರಿಸಿದ್ರು.

ಮೊನ್ನೆ ಅದ ಮೇಷ್ಟ್ರು ಒಂದು ಫ್ಲಾಪಿ ಕೊಟ್ರು, ಭಾಷೆ ಗುರುತಿಸೋ ಪ್ರೋಗ್ರಾಂ ಅಂತ. ಎಲ್ಲಿಂದ ಬಂತು ಸರ್ ಅಂದೆ. ಯಾರೋ ಯಾರಿಗೋ ಕೊಟ್ಟು ಕೊಟ್ಟು ಬಂದೈತಿ, ಪುಕಟ್ಟು ಅಂದ್ರು. ಅದು ಹುರಿಗಡ್ಲಿ ತಿಂದು ಮುಗಿಸೋತನ ಕಾದೆ, ಒಳಗಿನ ಸಾಲು ತೆರದೆ, ಕನ್ನಡದ ಪಟ್ಟಿಗೆ ಬಂದೆ. ಐತಿ. ಭಾಳ. ಬ್ಯಾಡ. ಹಂಗ. ಹಿಂಗ. ಆಕಿ. ಕೇಳಲೇ. ಭಾಳ, ಎರಡನೇ ಸಲ. ಕೆಳಗ ನಾನು ಬರೀದ ಮಾತುಗಳು, ಉಂಟು, ಮಾರಾಯ್ರೆ, ಯಾರೋ ಮಂಗಳೂರು ಕಡೆಯವ್ರು ತಮ್ಮ ಅಜ್ಜೀನ್ನ ಸೇರಿಸ್ಯಾರ.

ನನ್ನ ಹೆಸರಿಗೆ ಹುಡುಕಿದೆ. ನಾಲ್ಕು ವರ್ಷದಿಂದ ದೇಶ ತುಂಬ ತಿರುಗಾಡಾಕತ್ತಿರ್ತೈತಿ ಅಂದ್ಕೊಂಡಿದ್ದೆ. ತೆಗದುಬಿಟ್ಟಾರ. ಅದಿದ್ದ ಜಾಗದಾಗ ಯಾರೋ ಒಂದು ಟಿಪ್ಪಣಿ ಹಾಕ್ಯಾರ: 'ಇದು ಯಾರದೋ ಹೆಸರು, ಭಾಷೆಯಲ್ಲ. ತೆಗೆದಿದ್ದೇನೆ.'

ಅದರ ಕೆಳಗಿನ ಸಾಲು ಮುಟ್ಟಿಲ್ಲ. 'ಬಾಲೇ: ಎಮ್ಮಿಗನೂರಿನ ಅಜ್ಜಿ ಮಾತು. ಅರ್ಥ, ಬಾ.'

ಪಕ್ಕದ ಹುಡುಗಿ ಬಾಗಿ ನೋಡಿ, ಏನದು ಅಷ್ಟು ಓದಾಕತ್ತಿ ಅಂದ್ಲು. ಇದನ್ನ ಮಾಡಿದಾಕಿ ನಾನು ಅಂತ ಹೇಳಾಕ ಬಾಯಿ ತನಕ ಬಂತು. ಹೇಳಲಿಲ್ಲ. ಭಾಳ ಅಂತ ಎರಡು ಸಲ ಇದ್ದದ್ರಾಗ ಒಂದನ್ನ ಅಳಿಸಿ, ಫ್ಲಾಪಿ ಆಕೀ ಕೈಗೆ ಕೊಟ್ಟೆ.